ಮೋಟುಕೊಂಬನ ಫೋಟೋ

ಮಾದನಕೊಪ್ಪಲಿನಲ್ಲಿ ಆನೆಯನ್ನು ಕಣ್ಣಾರೆ ನೋಡದೆ ಉಳಿದ ಗಂಡಸು ಎಂದರೆ ಹುಚ್ಚಯ್ಯ ಒಬ್ಬನೇ. ಇದು ಸಾಮಾನ್ಯ ಕೊರತೆಯಲ್ಲ. ಹನಗೋಡಿನಿಂದ ಕಾಡಿನ ಕಡೆ ಹೊರಟರೆ ಸಿಗುವ ಕಟ್ಟಕಡೆಯ ಊರು ಅದು. ಊರವರ ಹೊಗೆಸೊಪ್ಪಿನ ಹೊಲ ಮುಗಿದಲ್ಲಿ ಆನೆ ತಡೆಯುವ ಕಂದಕ, ಕಂದಕ ದಾಟಿದರೆ ಕಾಡು. ಅಲ್ಲಿ ತೊಟ್ಟಿಲ ಕೂಸುಗಳೂ ಆನೆ ನೋಡಿದ್ದವು, ಕೋಳಿಗಳೂ ನೋಡಿದ್ದವು. ಹುಚ್ಚಯ್ಯನ ಹಣೆಯಲ್ಲಿ ಮಾತ್ರ ಬರೆದಿರಲಿಲ್ಲ. ಅವನು ಅಟ್ಟಣೆ ಹತ್ತಿ ಕಾವಲು ಕೂತ ದಿನ ಎಂಥ ನಿದ್ದೆ ಬರುತ್ತಿತ್ತೆಂದರೆ, ಆನೆ ಬಂದು ಅದೇ ಅಟ್ಟಣೆಯ ಕಂಬಕ್ಕೆ ಬೆನ್ನು ಉಜ್ಜಿಕೊಂಡು ಹೋದ ಸಂಗತಿ ಬೆಳಿಗ್ಗೆ ಪಕ್ಕದ ಹೊಲದವರು ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ಉಳಿದಂತೆ ಆನೆ ಬಂದಾಗಲೆಲ್ಲ ಅವನು ಕೆ.ಆರ್. ನಗರದ ಮಾವನ ಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ ಜನ ಅಲ್ಲೇ ಸೇರುತ್ತಾರೆ. ಡೈರಿ ಮುಂದೆ ಒಂದು ಸ್ಟೂಲು. ಈಚೆಗೆ ಯಾರಿಗೆ ಆನೆ ಎದುರಾಯಿತೋ ಅವನು ಸ್ಟೂಲಿನ ಮೇಲೆ ಕೂತು ಕತೆ ಹೇಳಬೇಕು, ಉಳಿದವರು ನೆಲದ ಮೇಲೆ ಕೂತು ಕೇಳಬೇಕು. ಕಾವಲಿನ ಬೆಂಕಿ ಎಲ್ಲಿ ಹಾಕುವುದು, ಪಟಾಕಿ ಯಾವ ಕಡೆಯಿಂದ ಹೊಡೆಯುವುದು ಎಂಬ ತೀರ್ಮಾನವೂ ಅಲ್ಲೇ ಆಗುತ್ತದೆ. ಆದರೆ ಆನೆ ನೋಡದವನಿಗೆ ಅಲ್ಲಿ ಮಾತಿಲ್ಲ. ಹುಚ್ಚಯ್ಯನ ಹೊಲ ಕಂದಕಕ್ಕೆ ಅಂಟಿಕೊಂಡೇ ಇತ್ತು. ಆನೆ ಮೊದಲು ಕಾಲಿಡುವುದೇ ಅವನ ರಾಗಿಯ ಮೇಲೆ. ಆದರೂ ಅವನು ಬಾಯಿ ತೆರೆದರೆ ಡೈರಿ ಸೆಕ್ರೆಟರಿ ಶಿವಶಂಕರ, "ನೀನು ಸುಮ್ಕಿರು ಹುಚ್ಚಯ್ಯಣ್ಣ, ನೋಡ್ದೋರು ಮಾತಾಡ್ತಾವ್ರೆ," ಎಂದುಬಿಡುತ್ತಿದ್ದ.

ನೋಡಿದವರಲ್ಲೆಲ್ಲ ದೊಡ್ಡವನು ಚಿಕ್ಕಣ್ಣ. ಬಿಳಿ ಮೀಸೆಯ ಈ ಹಿರಿಯ ಆನೆಗೆ ಎದುರಾಗದ ವಾರವೇ ಇರಲಿಲ್ಲ. ಸೊಂಡಿಲು ಹಿಡಿದು ಜಗ್ಗಿದ್ದ, ಗದರಿಸಿ ಹಿಂದಕ್ಕೆ ಕಳಿಸಿದ್ದ, ಒಂದು ಸಲ ಆನೆಯೇ ಇವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತ್ತಂತೆ. ಅವನ ಕತೆಗಳಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಮೋಟುಕೊಂಬ. ಒಂದು ಕೊಂಬು ಅರ್ಧಕ್ಕೆ ಮುರಿದ ಒಂಟಿ ಸಲಗ ಅದು. ವರ್ಷ ವರ್ಷವೂ ಹಲಸು ಹಣ್ಣಾಗುವ ಕಾಲಕ್ಕೆ ಕೆಂಪಾಜಮ್ಮನ ಹಿತ್ತಿಲಿಗೆ ತಪ್ಪದೆ ಬರುತ್ತಿತ್ತು. ಗಂಡನಿಲ್ಲದ, ಮಕ್ಕಳಿಲ್ಲದ ಕೆಂಪಾಜಮ್ಮ ಕಿಟಕಿಯ ಒಳಗಿನಿಂದ ಅದರ ವಂಶವನ್ನೆಲ್ಲ ಬಯ್ಯುತ್ತಿದ್ದಳು. ಅದು ಹಣ್ಣು ತಿಂದು, ಬೇಲಿ ಮುರಿದು, ಬಯ್ಗುಳ ಪೂರ್ತಿ ಕೇಳಿಸಿಕೊಂಡೇ ಹೋಗುತ್ತಿತ್ತು. ಈ ವರ್ಷ ಮೇ ತಿಂಗಳು ಬಂದರೂ, ಹಲಸು ಕಳಿತು ಊರೆಲ್ಲ ಘಮಘಮ ಅಂದರೂ, ಮೋಟುಕೊಂಬನ ಸುಳಿವಿರಲಿಲ್ಲ.

ಅದೇ ಮೇ ತಿಂಗಳಲ್ಲಿ ಹುಚ್ಚಯ್ಯನ ಮಗಳು ರಮ್ಯಾ ರಜೆಗೆ ಪಾರ್ಕು ನೋಡಲೇಬೇಕೆಂದು ಹಟ ಹಿಡಿದಳು. ಮಂಡ್ಯದ ಆಚೆ ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಎದ್ದ ವಿಸ್ಮಯವನ ಎಂಬ ಪಾರ್ಕು. ಹೊಗೆಸೊಪ್ಪಿನ ಸಸಿ ನಾಟಿ ಶುರುವಾದರೆ ತಲೆ ಕೆರೆದುಕೊಳ್ಳಲೂ ಬಿಡುವಿರುವುದಿಲ್ಲವೆಂದು ಹುಚ್ಚಯ್ಯ ಹೆಂಡತಿ ಚಿಕ್ಕಬೀರಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೊರಟ. ಅಲ್ಲಿ ಜಾರುಬಂಡೆ, ತಿರುಗುವ ಬುಟ್ಟಿ, ತಲೆಕೆಳಗಾಗುವ ದೋಣಿ ಎಲ್ಲ ಇದ್ದವು. ಹುಚ್ಚಯ್ಯನ ಕಣ್ಣು ಬಿದ್ದದ್ದು 'ಜಂಗಲ್ ಸಫಾರಿ' ಎಂಬ ಬೋರ್ಡಿನ ಮೇಲೆ.

ಹಳಿಯ ಮೇಲೆ ಓಡುವ ಜೀಪು. ಹತ್ತಿ ಕೂತರೆ ಅದು ತಾನೇ ಗುಹೆಯೊಳಗೆ, ಬಿದಿರುಮೆಳೆಯೊಳಗೆ ನುಗ್ಗುತ್ತದೆ. ಮೊದಲು ಸಿಂಹ ಗುಡುಗಿತು. ಆಮೇಲೆ ಮೊಸಳೆ ಬಾಯಿ ತೆರೆಯಿತು. ತಿರುವು ದಾಟಿದ್ದೇ ತಡ, ಸೊಪ್ಪಿನ ಮರೆಯಿಂದ ಆನೆ ಹೊರಬಂದು ಕಿವಿ ಬೀಸಿತು.

ಹುಚ್ಚಯ್ಯ ಎದ್ದು ನಿಂತ. ಚಪ್ಪಲಿ ಕಳಚಿದ. ಹಿಂದೆ ಮುಂದೆ ಕೂತ ಪ್ಯಾಟೆ ಜನರಿಗೆಲ್ಲ ಕೈ ಅಡ್ಡ ಹಿಡಿದು, "ಯಾರೂ ಮಾತಾಡ್ಬ್ಯಾಡಿ! ಸೆಂಟ್ ಹಾಕ್ಕಂಡಿರೋರು ತಲೆ ಬಗ್ಸಿ! ಗಾಳಿ ಆ ಕಡೆಗೇ ಬೀಸ್ತಾ ಅದೆ!" ಎಂದು ಪಿಸುಗುಟ್ಟಿದ. ಕಾಡಂಚಿನ ಶಿಸ್ತು ರಕ್ತದಲ್ಲಿತ್ತು. ಆ ದನಿಗೆ ಹೆದರಿ ಜೀಪಿನವರೆಲ್ಲ ತಲೆ ಬಗ್ಗಿಸಿದರು. ಆನೆ ಸೊಂಡಿಲು ಎತ್ತಿ ಚಿಕ್ಕಬೀರಮ್ಮನ ಹೊಸ ಸೀರೆ ತೊಪ್ಪೆಯಾಗುವಂತೆ ನೀರು ಎರಚಿತು.

"ಅಪ್ಪ, ಕೂತ್ಕೊ. ಅದು ರಬ್ಬರು," ಎಂದಳು ರಮ್ಯಾ.

ಜೀಪೆಲ್ಲ ನಕ್ಕಿತು. ಹುಚ್ಚಯ್ಯ ಚಪ್ಪಲಿ ಮೆಟ್ಟಿಕೊಂಡು ಕೂತ. ಬದುಕಿನಲ್ಲಿ ಮೊದಲ ಬಾರಿಗೆ ಆನೆ ಕಂಡಿತು, ಅದೂ ರಬ್ಬರಾಗಬೇಕೆ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ಆ ದುಃಖದಲ್ಲೇ ಫೋನು ತೆಗೆದು ಪಟಪಟನೆ ಫೋಟೋ ಹೊಡೆದ. ಒಂದರಲ್ಲಿ ಅವನ ಹೆಬ್ಬೆರಳು, ಒಂದರಲ್ಲಿ ಮುಂದಿನವನ ಬೋಳುತಲೆ. ಆದರೆ ಒಂದು ಫೋಟೋ ಮಾತ್ರ, ಜೀಪು ಕುಲುಕಿದ್ದರಿಂದ ಸ್ವಲ್ಪ ಮಸುಕಾಗಿ, ಎಲೆಗಳ ಸಂದಿನಲ್ಲಿ ಆನೆ ದಿಟ್ಟಿಸಿ ನೋಡುತ್ತಿರುವಂತೆ ಬಿದ್ದುಬಿಟ್ಟಿತ್ತು. ನೋಡಿದರೆ ಎದೆ ಝಲ್ಲೆನ್ನಬೇಕು.

ರಮ್ಯಾ ಅಲ್ಲಿಂದಲೇ ಕೆ.ಆರ್. ನಗರದ ಅಜ್ಜಿ ಮನೆಗೆ ಹೊರಟುಹೋದಳು. ಬುದ್ಧಿ ಹೇಳುವವರು ಹೀಗೆ ಇಳಿದುಹೋದ ಮೇಲೆ ಹುಚ್ಚಯ್ಯ ಬಸ್ಸಿನಲ್ಲಿ ಕೂತು ಆ ಫೋಟೋವನ್ನು ಡೈರಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಳಗೆ ಬರೆದ: "ಇವತ್ತು ಎದುರೆದುರೇ ಕಂಡೆ. ಹೆದರಲಿಲ್ಲ." ಅದರಲ್ಲಿ ಸುಳ್ಳೇನೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಅವನು ಊರು ಮುಟ್ಟುವಷ್ಟರಲ್ಲಿ ಡೈರಿ ಮುಂದೆ ಜಾತ್ರೆ ಸೇರಿತ್ತು. ಚಿಕ್ಕಣ್ಣ ಶಿವಶಂಕರನ ಫೋನನ್ನು ಮೂಗಿಗೆ ತಾಗಿಸಿಕೊಂಡು ಪರೀಕ್ಷೆ ಮಾಡುತ್ತಿದ್ದ.

"ಎಡಗೊಂಬು ಅರ್ಧ ಇಲ್ಲ ಕಣ್ರಪ್ಪೋ! ಇದು ಮೋಟುಕೊಂಬ! ಇವನ್ ಬೆನ್ನು ಕಂಡ್ರೂ ಗುರುತಿಡೀತೀನಿ, ಇನ್ನು ಮಕ ಕಂಡ್ರೆ ಬುಡ್ತೀನಾ?" ಎಂದು ಘೋಷಿಸಿದ.

ಪಾರ್ಕಿನ ರಬ್ಬರಿನ ಆನೆಗೆ ಯಾವ ಪುಣ್ಯಾತ್ಮ ತಗುಲಿ ಕೊಂಬು ಮುರಿದಿದ್ದನೋ, ಮುರಿದದ್ದಂತೂ ನಿಜ.

"ಮೊಣಕಾಲಲ್ಲಿ ಏನೋ ಮಿಣಮಿಣ ಒಳೀತದೆ ನೋಡು," ಎಂದ ಶಿವಶಂಕರ.

"ಗುಂಡು ಕಣ್ಲಾ! ಯಾರೋ ಕೋವೀಲಿ ಒಡ್ದವ್ರೆ. ಗಾಯ ಮಾಗಿ ಅಂಗೆ ಒಳೀತದೆ," ಎಂದ ಚಿಕ್ಕಣ್ಣ. ಅದು ಬೋಲ್ಟು ಎಂದು ಹುಚ್ಚಯ್ಯನಿಗೆ ಗೊತ್ತಿತ್ತು. ಹೇಳಲೆಂದು ಬಾಯಿ ತೆರೆದ. ಅಷ್ಟರಲ್ಲಿ ಶಿವಶಂಕರ ಸ್ಟೂಲನ್ನು ಟವೆಲಿನಿಂದ ಒರೆಸಿ ಮುಂದೆ ಇಟ್ಟ.

"ಕೂತ್ಕೊ ಹುಚ್ಚಯ್ಯಣ್ಣ. ಎಂಗಿತ್ತು ಅಂತ ಏಳು."

ಇಷ್ಟು ವರ್ಷ ನೆಲದ ಮೇಲೆ ಕೂತು ಸವೆದ ದೇಹ ಸ್ಟೂಲಿನ ಮೇಲೆ ಕೂತಿತು. ಕೂತ ಮೇಲೆ ನಾಲಿಗೆ ತಾನೇ ಹೊರಟಿತು. ಪಾರ್ಕಿನ ಸೊಪ್ಪಿನ ಮರೆಯಿಂದ ಎದುರಾದದ್ದು, ಕಿವಿ ಮೊರದಂಗೆ ಬೀಸಿದ್ದು, ಕಣ್ಣು ಕೆಂಪಗೆ ಹೊಳೆದದ್ದು (ಒಳಗೆ ಬಲ್ಬಿತ್ತು), ಜನರೆಲ್ಲ ಹೆದರಿ ತಲೆ ಬಗ್ಗಿಸಿದರೂ ತಾನೊಬ್ಬನೇ ಎದ್ದು ನಿಂತದ್ದು. ಚಿಕ್ಕಬೀರಮ್ಮ ಸಾಕ್ಷಿ ಹೇಳಿದಳು: "ನನ್ ಮೇಲೆ ಸೊಂಡ್ಲಾಗೆ ನೀರು ಊದ್ಬುಡ್ತು ಕಣ್ರವ್ವ, ಸೀರೆ ಇನ್ನೂ ಒದ್ದೆ ಅದೆ." ಹೆಂಗಸರು ಸೀರೆ ಮುಟ್ಟಿ ನೋಡಿ ಕಣ್ಣಿಗೊತ್ತಿಕೊಂಡರು. ಅವತ್ತು ಕಾವಲಿನ ಬೆಂಕಿ ಎಲ್ಲಿ ಹಾಕುವುದೆಂದು ಹುಚ್ಚಯ್ಯನನ್ನೇ ಕೇಳಿದರು. ತನ್ನ ಹೊಲದ ಮೂಲೆಯಲ್ಲಿ ಎಂದ. ಅಲ್ಲೇ ಹಾಕಿದರು!

ಇಲ್ಲಿಗೆ ನಿಂತಿದ್ದರೆ ಎಲ್ಲರಿಗೂ ಸುಖವಿತ್ತು. ಆದರೆ ಗುಂಪಿನ ಹಿಂದೆ ಕೋಲೂರಿಕೊಂಡು ನಿಂತಿದ್ದ ಕೆಂಪಾಜಮ್ಮ ಕೇಳಿದಳು: "ಪಾರ್ಕಿನಾಗೆ ಕಂಡೆ ಅಂದ್ಯಲ್ಲ ಮಗ. ನಮ್ಮ ಕಾಡಿನವನು ಅಲ್ಲಿಗೆಂಗೆ ಓದ?"

ಎಲ್ಲರೂ ಹುಚ್ಚಯ್ಯನ ಕಡೆ ತಿರುಗಿದರು. ಚಿಕ್ಕಣ್ಣನೇ ಉತ್ತರ ಕಂಡುಹಿಡಿದ. "ಇಡ್ಕೊಂಡೋಗವ್ರೆ! ಅದ್ಕೇ ಈ ವರ್ಷ ಅಲಸಿನಣ್ಣಿಗೆ ಬಂದಿಲ್ಲ!"

ಕೆಂಪಾಜಮ್ಮ ನೆಲಕ್ಕೆ ಕುಸಿದು ಅಳತೊಡಗಿದಳು. ಹೋದ ವರ್ಷ ಅರಣ್ಯ ಇಲಾಖೆಯ ಜೀಪಿಗೆ ಅಡ್ಡ ಮಲಗಿ, ಈ ಆನೆ ಹಿಡಿಯದಿದ್ದರೆ ಏಳುವುದಿಲ್ಲ ಎಂದು ಮಧ್ಯಾಹ್ನದವರೆಗೆ ಗಲಾಟೆ ಮಾಡಿದ್ದವಳು ಅವಳೇ.

ಮರುದಿನ ಊರಿಗೆ ಊರೇ ಇಲಾಖೆಯ ಕಚೇರಿಗೆ ಹೋಯಿತು. ಫಾರೆಸ್ಟರ್ ಸಾಗರ್ ಎಂಬ ಯುವಕ ಎದ್ದು ನಿಂತು ಎಲ್ಲರನ್ನೂ ಕೂರಿಸಿ, "ನಾವು ಯಾವ ಆನೇನೂ ಹಿಡಿದಿಲ್ಲ," ಎಂದ.

"ಅಂಗಾರೆ ಎಲ್ಲವ್ನೆ ತೋರ್ಸಪ್ಪ," ಎಂದಳು ಕೆಂಪಾಜಮ್ಮ.

"ಅಜ್ಜಿ, ಕಾಡು ಕಾಕನಕೋಟೆವರೆಗೂ ಇದೆ. ಎಲ್ಲಿಗೆ ಹೋಗಿದೆಯೋ ಏನೋ. ಅದಿರಲಿ, ಹೋದ ವರ್ಷ ಇದನ್ನ ಹಿಡೀರಿ ಹಿಡೀರಿ ಅಂತ ಜೀಪಿಗೆ ಅಡ್ಡ ಮಲಗಿದ್ದು ನೀವೇ ಅಲ್ವಾ?"

"ಇಡೀರಿ ಅಂದ್ರೆ ಇಡ್ದೇ ಬುಡದಾ? ಮಕ್ಕಳು ರೇಗ್ಸುದ್ರೆ ಸಾಯಿ ಅತ್ಲಾಗೆ ಅಂತೀವಿ. ಸತ್ತೋಯ್ತವಾ?"

ಸಾಗರ್ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ. ಅವನಿಗೂ ಅನುಮಾನ ಬಂದಿರಬೇಕು, ಆದರೆ ಗುಂಡಿನ ಗಾಯದ ಬಗ್ಗೆ ಚಿಕ್ಕಣ್ಣ ಅಷ್ಟು ಖಡಾಖಂಡಿತವಾಗಿ ಮಾತಾಡುತ್ತಿರುವಾಗ ಇಲ್ಲವೆನ್ನುವುದು ಹೇಗೆ? "ಮೇಲಿನವರಿಗೆ ತಿಳಿಸ್ತೀನಿ," ಎಂದು ಕೈ ಮುಗಿದ.

ಹುಚ್ಚಯ್ಯನಿಗೆ ಊಟ ಸೇರದಾಯಿತು. "ಈಗ್ಲೇ ನಿಜ ಏಳ್ಬುಡಿ, ನೋಡಕ್ಕಾಗಕ್ಕಿಲ್ಲ ಆ ಮುದುಕೀನ," ಎಂದಳು ಚಿಕ್ಕಬೀರಮ್ಮ. ಹೇಳಿದರೆ ಸ್ಟೂಲು ಹೋಯಿತು, ಸ್ಟೂಲಿನ ಜೊತೆ ಮಾನವೂ ಹೋಯಿತು. ರಬ್ಬರಿಗೆ ಚಪ್ಪಲಿ ಬಿಟ್ಟವನೆಂದು ಪಿರಿಯಾಪಟ್ಟಣದ ಸಂತೆಯವರೆಗೂ ನಗುತ್ತಾರೆ. ಆದರೂ ಆ ಸಂಜೆ ಧೈರ್ಯ ಮಾಡಿ ಕೆಂಪಾಜಮ್ಮನ ಮನೆಗೆ ಹೋದ. ನೇರವಾಗಿ ಹೇಳಲು ಬಾಯಿ ಬರಲಿಲ್ಲ.

"ಅವ್ವ, ಅಳ್ಬ್ಯಾಡ. ಆ ಆನೆ ಅಂಗಲ್ಲ. ಅದನ್ನ ಅವ್ರು ಕರೆಂಟಲ್ಲಿ ಆಡಿಸ್ತಾರೆ."

ಕೆಂಪಾಜಮ್ಮ ಎದೆ ಹಿಡಿದುಕೊಂಡಳು. "ಕರೆಂಟು ಕೊಡ್ತಾರಾ? ಆ ಬಾಯಿಲ್ಲದ ಜೀವಕ್ಕೆ ಕರೆಂಟು ಕೊಟ್ಟು ಆಡಿಸ್ತಾರಾ?"

ಅರ್ಧ ನಿಜಕ್ಕಿಂತ ಪೂರಾ ಸುಳ್ಳೇ ವಾಸಿ ಎಂದು ಹುಚ್ಚಯ್ಯನಿಗೆ ಅರಿವಾಗುವ ಹೊತ್ತಿಗೆ ಮುದುಕಿ ಬೀದಿಯಲ್ಲಿದ್ದಳು. ಊರು ಕೆರಳಿತು. ಬೆಳಗಾದ ಕೂಡಲೇ ಮೋಟುಕೊಂಬನನ್ನು ಬಿಡಿಸಿಕೊಂಡು ಬರುವುದೆಂದು ತೀರ್ಮಾನವಾಯಿತು. ರಾಗಿ ತುಳಿಸಿಕೊಂಡವರು, ಬಾಳೆ ಕಳೆದುಕೊಂಡವರು, ಅದಕ್ಕೆ ಹೆದರಿ ಓಡಿ ಮೊಣಕಾಲು ಮುರಿದುಕೊಂಡವರು, ಎಲ್ಲರೂ ಹೊರಟರು. ಇಲ್ಲಿ ನಕ್ಕುಬಿಡುವುದು ಸುಲಭ. ಆದರೆ ತಮ್ಮ ಹೊಲ ಹಾಳು ಮಾಡಿದವನಿಗೆ ಕಷ್ಟ ಬಂತೆಂದು ಕೆಲಸ ಬಿಟ್ಟು ಓಡುವ ಊರುಗಳು ಈ ಭೂಮಿಯ ಮೇಲೆ ಎಷ್ಟಿವೆ? ನನಗಂತೂ ಆ ಜನರ ಕಾಲಿಗೆ ಬೀಳಬೇಕೆನಿಸುತ್ತದೆ.

ಹೊಗೆಸೊಪ್ಪು ಸಾಗಿಸುವ ಟೆಂಪೋದ ಹಿಂಭಾಗದಲ್ಲಿ ಚಾಪೆ ಹಾಸಿ ಕೂತರು. ಕೆಂಪಾಜಮ್ಮ ಕಳಿತ ಹಲಸಿನ ಹಣ್ಣುಗಳನ್ನು ಗೋಣಿಚೀಲದಲ್ಲಿ ತುಂಬಿಸಿ ಏರಿಸಿದಳು. ಪಾರ್ಕಿನ ಬಾಗಿಲಲ್ಲಿ ಕಾವಲುಗಾರ ಮೂಗು ಮುಚ್ಚಿಕೊಂಡು ತಡೆದ.

"ಹೊರಗಿನ ತಿಂಡಿ ಒಳಗೆ ಬಿಡೋ ಹಾಗಿಲ್ಲಮ್ಮ."

"ನನಗಲ್ಲಪ್ಪ, ಆನೆಗೆ. ಸೆರೇಲಿರೋರ ನೋಡಕ್ಕೆ ಬರಿಗೈಲಿ ಬತ್ತಾರಾ?"

ಕಾವಲುಗಾರನಿಗೆ ಏನೂ ತಿಳಿಯಲಿಲ್ಲ, ಹಣ್ಣಂತೂ ಬಿಡಲಿಲ್ಲ. ಅವು ಟೆಂಪೋದಲ್ಲೇ ಉಳಿದವು. ಊರಿನವರು ಟಿಕೆಟ್ಟು ತೆಗೆದು ಹಳಿ ಜೀಪು ಹತ್ತಿದರು. ಸಿಂಹ ಗುಡುಗಿದಾಗ ಚಿಕ್ಕಣ್ಣ ಬಿದ್ದುಹೋದ ಕರ್ಚೀಪು ಹುಡುಕಲು ಸೀಟಿನ ಕೆಳಗೆ ಹೋದವನು ಮೊಸಳೆ ದಾಟುವವರೆಗೂ ಹುಡುಕುತ್ತಲೇ ಇದ್ದ. ತಿರುವು ಬಂತು. ಸೊಪ್ಪು ಸರಿಯಿತು. ಆನೆ ಕಿವಿ ಬೀಸಿತು.

"ಮಗಾ!" ಎಂದು ಕೂಗಿ ಕೆಂಪಾಜಮ್ಮ, ನೀರೆರಚುವುದಕ್ಕಾಗಿ ಜೀಪು ನಿಂತ ಕ್ಷಣದಲ್ಲಿ, ಇಳಿದೇಬಿಟ್ಟಳು. ಯಾರೋ ಕಿರುಚಿದರು, ಯಾರೋ ಗುಂಡಿ ಒತ್ತಿದರು, ಯಂತ್ರ ನಿಂತಿತು. ಸೊಂಡಿಲು ಅರ್ಧಕ್ಕೆ ಮೇಲೆದ್ದು ಹಾಗೇ ಉಳಿಯಿತು. ಕೆಂಪಾಜಮ್ಮ ಆನೆಯ ಕಾಲನ್ನು ಸವರಿದಳು. ಗುಂಡಿನ ಗಾಯವನ್ನು ಉಗುರಿನಿಂದ ತಟ್ಟಿದಳು. ಟಣ್ ಎಂದಿತು. ಮೂಸಿ ನೋಡಿದಳು.

"ಟಯರ್ ವಾಸ್ನೆ," ಎಂದಳು.

ಮುದುಕಿ ತಿರುಗಿ ನಿಂತಾಗ ಅವಳ ಮುಖ ಕಂಡ ಹುಚ್ಚಯ್ಯ, ಬಯ್ಗುಳ ಶುರುವಾಯಿತೆಂದು ಕಣ್ಣು ಮುಚ್ಚಿದ. ಆದರೆ ಅವಳು ನಗುತ್ತಿದ್ದಳು. ಹಲ್ಲಿಲ್ಲದ ಬಾಯಿ ತುಂಬ, ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು. "ಇವನು ನಮ್ಮೋನಲ್ಲ ಕಣ್ರಲಾ! ನಮ್ಮೋನ್ನ ಯಾರೂ ಇಡ್ದಿಲ್ಲ!"

ಆ ನಗು ನೋಡಿದ ಮೇಲೆ ಹುಚ್ಚಯ್ಯನಿಗೆ ಸುಮ್ಮನಿರಲಾಗಲಿಲ್ಲ. ಜೀಪಿನಿಂದ ಇಳಿದು ಬಂದು ಎಲ್ಲರೆದುರು ಹೇಳಿದ: "ನಂಗೆ ಅವತ್ತೇ ಗೊತ್ತಿತ್ತು ಕಣವ್ವ, ರಬ್ಬರು ಅಂತ. ಸ್ಟೂಲಿನ ಆಸೆಗೆ ನಿಜ ಏಳ್ಲಿಲ್ಲ. ತಪ್ಪಾಯ್ತು."

ಕೆಂಪಾಜಮ್ಮನೇನೋ ಕೋಲಿನಿಂದ ಒಂದು ಏಟು ಕೊಟ್ಟು ಕ್ಷಮಿಸಿದಳು. ಊರು ಅಷ್ಟು ಸುಲಭವಾಗಿ ಬಿಡಲಿಲ್ಲ. "ನಾನು ಫೋಟೋದಲ್ಲೇ ಅನ್ಮಾನ ಪಟ್ಟಿದ್ದೆ," ಎಂದ ಚಿಕ್ಕಣ್ಣ, ಕರ್ಚೀಪು ಮಡಿಸಿಕೊಳ್ಳುತ್ತ. ಇನ್ನು ಮುಂದೆ ಹುಚ್ಚಯ್ಯ ಆನೆಯ ಹೆಸರೆತ್ತುವ ಹಾಗಿಲ್ಲವೆಂದು ಶಿವಶಂಕರ ಅಲ್ಲೇ ತೀರ್ಪು ಕೊಟ್ಟ. ವಾಪಸು ಬರುವಾಗ ಅವನನ್ನು ಟೆಂಪೋದ ತುದಿಯಲ್ಲಿ, ಬಿಸಿಲಿಗೆ ಮತ್ತಷ್ಟು ಕಳಿತು ಘಾಟು ಹೊಡೆಯುತ್ತಿದ್ದ ಹಲಸಿನ ಹಣ್ಣುಗಳ ಪಕ್ಕ ಕೂರಿಸಿದರು. ಚಿಕ್ಕಬೀರಮ್ಮನೂ ಮುಂದಕ್ಕೆ ಹೋಗಿ ಬೆನ್ನು ಹಾಕಿ ಕೂತಳು.

ಹನಗೋಡು ದಾಟಿ, ಹೊಳೆ ಹಿಂದೆ ಬಿದ್ದು, ಕಾಡಿನ ಅಂಚಿನ ರಸ್ತೆ ಸಿಕ್ಕಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಗಾಳಿ ಹಲಸಿನ ವಾಸನೆಯನ್ನು ಹೊತ್ತುಕೊಂಡು ಕಾಡಿನೊಳಗೇ ಬೀಸುತ್ತಿತ್ತು. ಕಲ್ಲು, ಗುಂಡಿ ತುಂಬಿದ ರಸ್ತೆಯಲ್ಲಿ ಟೆಂಪೋ ನಿಧಾನವಾಯಿತು, ಆಮೇಲೆ ಕೆಮ್ಮಿ ಕೆಮ್ಮಿ ನಿಂತೇಹೋಯಿತು.

ಡ್ರೈವರ್ ಮತ್ತೆ ಶುರು ಮಾಡಲು ಹೋಗಲಿಲ್ಲ. ಕನ್ನಡಿಯಲ್ಲಿ ಅವನಿಗೆ ಕಂಡಿತ್ತು.

ಬಿದಿರು ಅಲುಗಿದ್ದು ಕೂಡ ಯಾರಿಗೂ ಕೇಳಿಸಿರಲಿಲ್ಲ. ಅಷ್ಟು ದೊಡ್ಡ ಜೀವ ಒಂದು ತರಗೆಲೆಯೂ ಸದ್ದಾಗದಂತೆ ರಸ್ತೆಗೆ ಇಳಿದು, ಟೆಂಪೋದ ಹಿಂದೆ ಬಂದು ನಿಂತಿತ್ತು. ಊರೆಲ್ಲ ಡ್ರೈವರಿನ ಕ್ಯಾಬಿನ್ನಿಗೆ ಒತ್ತಿಕೊಂಡು ಒಂದು ಮುದ್ದೆಯಾಯಿತು. ತುದಿಯಲ್ಲಿ ಉಳಿದವನು ಹುಚ್ಚಯ್ಯ.

"ಫೋಟೋ ತಗಿ, ಫೋಟೋ," ಎಂದು ಶಿವಶಂಕರ ಹಿಂದಿನಿಂದ ಉಸುರಿದ. ಹುಚ್ಚಯ್ಯನ ಫೋನು ಜೇಬಿನಲ್ಲೇ ಇತ್ತು. ಕೈಗಳು ಯಾವಾಗಲೋ ತಾವಾಗಿ ಮುಗಿದುಕೊಂಡಿದ್ದವು.

ಸೊಂಡಿಲು ಟೆಂಪೋದ ಹಲಗೆಯ ಮೇಲೆ ಹಾದು ಒಳಗೆ ಬಂತು. ಅದರ ತುದಿ ಒದ್ದೆಯಾಗಿತ್ತು, ಮಣ್ಣಿನ ವಾಸನೆಯಿತ್ತು. ಹುಚ್ಚಯ್ಯನ ಕಾಲು ಮೂಸಿತು, ಎದೆ ಮೂಸಿತು, ತಲೆಯ ಮೇಲೆ ಒಂದು ಸಲ ಬಿಸಿ ಉಸಿರು ಬಿಟ್ಟಿತು. ಆಮೇಲೆ ಅವನನ್ನು ತಾಗದಂತೆ, ತಾಯಿ ಮಲಗಿದ ಮಗುವಿನ ಪಕ್ಕದಿಂದ ದಿಂಬು ತೆಗೆಯುವಂತೆ, ಒಂದು ಹಣ್ಣನ್ನು ಎತ್ತಿಕೊಂಡಿತು. ಕಾಲಡಿ ಇಟ್ಟು ಬಿರಿಸಿತು. ತಿಂದಿತು. ಇನ್ನೊಂದು ಎತ್ತಿತು. ಎಷ್ಟು ದೊಡ್ಡದು, ಎಷ್ಟು ಮೆಲ್ಲಗೆ! ಚರ್ಮದ ಒಂದೊಂದು ಸುಕ್ಕಿನಲ್ಲೂ ಕಾಡಿನ ಧೂಳು. ಒಂದು ಕೊಂಬು ಅರ್ಧಕ್ಕೇ ಮುರಿದಿತ್ತು. ರೆಪ್ಪೆಗೂದಲು ಉದ್ದುದ್ದ. ಆ ಕಣ್ಣು ಹುಚ್ಚಯ್ಯನನ್ನೇ ನೋಡುತ್ತಿತ್ತು.

"ಎಲ್ಲೋಗಿದ್ಲಾ ಇಷ್ಟ್ ದಿನ?" ಎಂದು ಕೆಂಪಾಜಮ್ಮ ಜನರ ಸಂದಿನಿಂದ ಮೆಲ್ಲಗೆ ಗದರಿಸಿದಳು. ಅದು ಕಿವಿ ಆಡಿಸಿತು. ಕಡೆಯ ಹಣ್ಣನ್ನು ಬಾಯಿಗಿಟ್ಟುಕೊಂಡು, ಬಂದಷ್ಟೇ ಸದ್ದಿಲ್ಲದೆ ಬಿದಿರಿನೊಳಗೆ ಕರಗಿಹೋಯಿತು.

ಎಲ್ಲರೂ ಹುಚ್ಚಯ್ಯನ ಮೇಲೆ ಮುಗಿಬಿದ್ದರು. ಎಷ್ಟೆತ್ತರ ಇತ್ತು? ಮೈ ಸೊರಗಿತ್ತಾ? ನಿಂಗೇನಾದ್ರೂ ಮಾಡ್ತಾ? ಏಳ್ಲಾ, ಏಳಣ್ಣ, ಏಳಪ್ಪ!

ರಬ್ಬರಿನ ಆನೆಯ ಬಗ್ಗೆ ಸಂಜೆಯೆಲ್ಲ ಮಾತಾಡಿದ್ದ ಹುಚ್ಚಯ್ಯ ಬಾಯಿ ತೆರೆದ. ಒಂದಕ್ಷರವೂ ಹೊರಡಲಿಲ್ಲ. ಮತ್ತೆ ತೆರೆದ. ಕಣ್ಣಿನಿಂದ ನೀರು ಇಳಿಯಿತು. ಚಿಕ್ಕಬೀರಮ್ಮ ಹತ್ತಿರ ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ಬುಡ್ರಪ್ಪ ಅವನ್ನ," ಎಂದ ಚಿಕ್ಕಣ್ಣ. ಅವನ ದನಿ ಎಂದಿನಂತಿರಲಿಲ್ಲ. "ಏನೂ ಕೇಳ್ಬ್ಯಾಡಿ. ಅವನು ನೋಡವ್ನೆ. ದಿಟವಾಗ್ಲೂ ಅತ್ರದಾಗೆ ನೋಡ್ದೋರಿಗೆ ಮಾತು ಬರಾಕಿಲ್ಲ."

ಶಿವಶಂಕರ ತಲೆ ಕೆರೆದುಕೊಂಡ. "ಅಂಗಾರೆ ಚಿಕ್ಕಣ್ಣ, ನೀನು ಇಷ್ಟು ವರ್ಸ ಡೈರಿ ಮುಂದೆ ಕತೆ ಏಳ್ತಿದ್ದದ್ದು?"

ಚಿಕ್ಕಣ್ಣ ಕರ್ಚೀಪು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಕ್ಯಾಬಿನ್ನಿನ ತಗಡನ್ನು ಎರಡು ಸಲ ಬಡಿದು ಕೂಗಿದ:

"ಗಾಡಿ ಬುಡಪ್ಪ, ಕತ್ಲಾಯ್ತದೆ."